ದಾರಿ ಕಡಿದವರೋ, ಚಿತ್ರ ಕಡಿದವರೋ? ಅನಿಮೆ ಪಶ್ಚಿಮಕ್ಕೆ ಹಬ್ಬಿದ ಬಗೆಯ ಕುರಿತು ಒಂದು ಚರ್ಚೆ

ಅಕ್ಷರಪ್ರಿಯ:

ಹೊಟ್ಟೆಪಾಡಿಗೆ ಸಬ್‌ಟೈಟಲ್ ಬರೆಯುವವನು ನಾನು. ಒಂದು ಚಿತ್ರ ಒಂದು ಭಾಷೆಯ ದಡದಿಂದ ಇನ್ನೊಂದರ ದಡಕ್ಕೆ ದಾಟುವಾಗ ಏನೇನು ನೀರುಪಾಲಾಗುತ್ತದೆ ಎಂಬುದು ನನಗೆ ನಿತ್ಯದ ಚಿಂತೆ. ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಚಿತ್ರ ಮತ್ತು ಧಾರಾವಾಹಿಗಳು, ಪಶ್ಚಿಮ ದೇಶಗಳಿಗೆ ಹಬ್ಬಿದ ಕಥೆಯನ್ನು ಹೇಳುವವರು ಅಲ್ಲಿನ ಟೆಲಿವಿಷನ್ ವಿತರಕರನ್ನು ದಾರಿ ಕಡಿದುಕೊಟ್ಟ ಮಹನೀಯರೆಂದು ಹೊಗಳುವುದನ್ನು ಮತ್ತೆ ಮತ್ತೆ ಓದಿ ಬೇಸತ್ತು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನ ವಾದ ಇಷ್ಟೆ: ಅವರು ಕಡಿದದ್ದು ದಾರಿಯನ್ನಲ್ಲ, ಚಿತ್ರಗಳನ್ನು.

1978ರಲ್ಲಿ ಅಮೆರಿಕದ ಮಕ್ಕಳು ನೋಡಿದ ‘ಬ್ಯಾಟಲ್ ಆಫ್ ದ ಪ್ಲಾನೆಟ್ಸ್’ ಧಾರಾವಾಹಿಯನ್ನೇ ತೆಗೆದುಕೊಳ್ಳಿ. ಅದರ ಮೂಲ 1972ರ ‘ಗ್ಯಾಚಮನ್’. ಅದರ 105 ಕಂತುಗಳ ಸಾಮಗ್ರಿಯಿಂದ 85 ಕಂತು ಮಾಡಿ, ಸಾವುನೋವಿನ ದೃಶ್ಯಗಳನ್ನು ತೆಗೆದು, ಭೂಮಿಯ ಮೇಲೆ ನಡೆಯುವ ಕಥೆಯನ್ನು ಅಂತರಿಕ್ಷಕ್ಕೆ ಎತ್ತಿಹಾಕಿ, ಹಾಗೆ ಖಾಲಿಯಾದ ನಿಮಿಷಗಳನ್ನು ತುಂಬಲು 7-ಝಾರ್ಕ್-7 ಎಂಬ ರೋಬೋ ಒಂದನ್ನು ಅಮೆರಿಕದಲ್ಲೇ ಬರೆಸಿ ಸೇರಿಸಿದರು. ಊರಿಗೆ ಊರೇ ಉರಿಯುತ್ತಿರುವಾಗ ಸಮುದ್ರದಡಿಯ ಕೇಂದ್ರದಲ್ಲಿ ಕುಳಿತ ಆ ರೋಬೋ, ಜನರನ್ನೆಲ್ಲ ಆಗಲೇ ಸುರಕ್ಷಿತ ಜಾಗಕ್ಕೆ ಸಾಗಿಸಿಯಾಗಿದೆ ಎಂದು ನೋಡುಗರನ್ನು ಸಮಾಧಾನಪಡಿಸುತ್ತದೆ.

ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ 1984ರ ‘ನೌಸಿಕಾ’ ಚಿತ್ರಕ್ಕೆ ಇನ್ನೂ ಕೆಟ್ಟ ಗತಿ ಬಂತು. ಮರುವರ್ಷ ಅದು ‘ವಾರಿಯರ್ಸ್ ಆಫ್ ದ ವಿಂಡ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂದಾಗ ಸುಮಾರು 22 ನಿಮಿಷಗಳಷ್ಟು ಕತ್ತರಿಗೆ ಬಲಿಯಾಗಿತ್ತು, ನಾಯಕಿಯ ಹೆಸರು ಝಾಂಡ್ರಾ ಎಂದಾಗಿತ್ತು, ಪೋಸ್ಟರಿನಲ್ಲಿ ಚಿತ್ರದಲ್ಲೇ ಇಲ್ಲದ ಗಂಡಸರು ಆಯುಧ ಹಿಡಿದು ನಿಂತಿದ್ದರು. ಒಬ್ಬ ಹುಡುಗಿ ವಿಷಕಾರಿ ಕಾಡನ್ನೂ ದೈತ್ಯ ಕೀಟಗಳನ್ನೂ ಅರ್ಥಮಾಡಿಕೊಳ್ಳಲು ಹೆಣಗುವ ಕಥೆಯಿಂದ ಆ ಅರ್ಥಮಾಡಿಕೊಳ್ಳುವಿಕೆಯನ್ನೇ ತೆಗೆದುಬಿಟ್ಟರೆ ಉಳಿಯುವುದು ಹುಳುಗಳ ಕಾಟ ಮಾತ್ರ.

ಅನಿಮೆಗೆ ಪಶ್ಚಿಮದಲ್ಲಿ ನಿಜವಾದ ನೆಲೆ ಸಿಕ್ಕಿದ್ದು ಮೂಲವನ್ನು ಮೂಲವಾಗಿಯೇ ನೋಡಬೇಕೆಂದು ಹಟ ಹಿಡಿದ ಅಭಿಮಾನಿಗಳಿಂದ ಎಂದು ನಾನು ತಿಳಿದಿದ್ದೇನೆ. ತಿಳಿದವರು ತಿದ್ದಬೇಕು.

ಹಳೇಕ್ಯಾಸೆಟ್:

ಅಕ್ಷರಪ್ರಿಯರೇ, ತಾವು ಕೊಟ್ಟ ಎರಡೂ ಉದಾಹರಣೆಗಳು ಸರಿಯಾಗಿವೆ. ಆದರೆ ತಮ್ಮ ವಾದದೊಳಗೇ ಒಂದು ಗಂಟು ಇದೆ. ಮೂಲ ಬೇಕೆಂದು ಹಟ ಹಿಡಿದ ಆ ಅಭಿಮಾನಿಗಳಿಗೆ ಮೂಲವೊಂದು ಇದೆಯೆಂಬ ಸುಳಿವು ಕೊಟ್ಟವರು ಯಾರು?

ನಾನು 1990ರ ದಶಕದ ಆರಂಭದಲ್ಲಿ ಓದಲೆಂದು ಅಮೆರಿಕಕ್ಕೆ ಹೋಗಿದ್ದಾಗ ವಿಶ್ವವಿದ್ಯಾಲಯದ ಅನಿಮೆ ಕೂಟದಲ್ಲಿ ಸೇರಿಕೊಂಡಿದ್ದೆ. ಶನಿವಾರ ರಾತ್ರಿ ಖಾಲಿ ತರಗತಿಯೊಂದರಲ್ಲಿ ಸೇರುತ್ತಿದ್ದ ಮೂವತ್ತು ನಲವತ್ತು ಮಂದಿಯನ್ನು ನೀವು ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದರೆ, ಹೆಚ್ಚಿನವರ ಬಾಯಲ್ಲಿ ಬರುತ್ತಿದ್ದ ಹೆಸರು ಎರಡು: ‘ಸ್ಟಾರ್ ಬ್ಲೇಝರ್ಸ್’ ಮತ್ತು ‘ರೋಬೋಟೆಕ್’. ಎರಡೂ ತಾವು ಹೇಳುವ ಕತ್ತರಿಯ ಕೆಳಗೆ ಹಾದು ಬಂದವೇ. ಮೊದಲನೆಯದು 1974ರ ‘ಯಾಮಾತೊ’ ಧಾರಾವಾಹಿಯ 1979ರ ಇಂಗ್ಲಿಷ್ ರೂಪ. ಅದರಲ್ಲಿ ಹಡಗಿನ ವೈದ್ಯರು ಸದಾ ಕುಡಿಯುವ ಸಾಕೆ ಮದ್ಯ ಇಂಗ್ಲಿಷಿಗೆ ಬಂದಾಗ ಚಿಲುಮೆಯ ನೀರಾಯಿತು. ಚಿಲುಮೆಯ ನೀರು ಕುಡಿದು ಕೆನ್ನೆ ಕೆಂಪಗಾಗಿ ತೂರಾಡುವ ವೈದ್ಯರನ್ನು ನೋಡಿದ ಹತ್ತು ವರ್ಷದ ಮಗುವಿಗೂ ಇಲ್ಲಿ ಏನನ್ನೋ ಮುಚ್ಚಿಡಲಾಗಿದೆ ಎಂಬುದು ತಿಳಿಯುತ್ತಿತ್ತು.

ಆದರೆ ಅದೇ ಧಾರಾವಾಹಿಯ ಪ್ರತಿ ಕಂತಿನ ಕೊನೆಗೆ ಭೂಮಿ ಉಳಿಯಲು ಇನ್ನು ಇಷ್ಟು ದಿನಗಳು ಮಾತ್ರ ಬಾಕಿ ಎಂಬ ಎಣಿಕೆ ಬರುತ್ತಿತ್ತು. ಇಂದಿಗಿಂತ ನಾಳೆ ಆ ಸಂಖ್ಯೆ ಕಡಿಮೆಯಾಗುತ್ತದೆ, ನಾಳೆ ತಪ್ಪಿಸಿಕೊಂಡರೆ ಕಥೆ ಕೈತಪ್ಪುತ್ತದೆ. ಕಂತು ಮುಗಿಯುವ ಹೊತ್ತಿಗೆ ಎಲ್ಲವೂ ಮೊದಲಿನಂತೆಯೇ ಆಗಿಬಿಡುವ ಅಮೆರಿಕದ ಕಾರ್ಟೂನುಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇದು ಹೊಸ ರುಚಿ. ಕತ್ತರಿ ಹಿಡಿದವರು ರಕ್ತವನ್ನು ತೆಗೆದರು, ಮದ್ಯವನ್ನು ತೆಗೆದರು, ಹೆಸರುಗಳನ್ನು ಬದಲಿಸಿದರು. ಮುಂದುವರಿಯುವ ಕಥೆಯನ್ನು ಮಾತ್ರ ತೆಗೆಯಲಾಗಲಿಲ್ಲ, ಏಕೆಂದರೆ ಅದನ್ನು ತೆಗೆದರೆ ಏನೂ ಉಳಿಯುತ್ತಿರಲಿಲ್ಲ. ನಮ್ಮ ಕೂಟದವರನ್ನು ಹಿಡಿದದ್ದು ಆ ಗಾಳವೇ.

ರೈನ್‌ದಂಡೆ:

ಇಬ್ಬರೂ ಪಶ್ಚಿಮವೆಂದರೆ ಅಮೆರಿಕವೆಂದೇ ಎಣಿಸಿ ಮಾತಾಡುತ್ತಿರುವುದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಜರ್ಮನಿಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿ ಈ ಕಥೆಗೆ ಕತ್ತರಿಯೂ ಇಲ್ಲ, ಹಟ ಹಿಡಿದ ಅಭಿಮಾನಿಯೂ ಇಲ್ಲ. ಇರುವುದು ಒಂದು ಜೇನುಹುಳ ಮತ್ತು ಒಂದು ಬೆಟ್ಟದ ಹುಡುಗಿ.

‘ಮಾಯಾ ಎಂಬ ಜೇನುಹುಳ’ದ ಧಾರಾವಾಹಿಯನ್ನು ಜರ್ಮನಿಯ ಝಡ್‌ಡಿಎಫ್ ವಾಹಿನಿ, ಆಸ್ಟ್ರಿಯಾದ ಒಆರ್‌ಎಫ್ ಮತ್ತು ಜಪಾನಿನ ಸ್ಟುಡಿಯೊ ಜೊತೆಗೂಡಿ ಮಾಡಿದವು. ಕಥೆ ಜರ್ಮನ್ ಪುಸ್ತಕದ್ದು, ಚಿತ್ರ ಬರೆದವರು ಜಪಾನಿನವರು, ಜರ್ಮನ್ ಶೀರ್ಷಿಕೆ ಗೀತೆಯನ್ನು ಹಾಡಿದವರು ಚೆಕ್ ಗಾಯಕ ಕಾರೆಲ್ ಗಾಟ್. 1977ರಲ್ಲಿ ಝಡ್‌ಡಿಎಫ್‌ನಲ್ಲಿ ಬಂದ ‘ಹೈಡಿ’ ಇಸಾವೊ ತಕಾಹತಾ ಅವರ 1974ರ ನಿರ್ದೇಶನ. ಅದರ ದೃಶ್ಯವಿನ್ಯಾಸ ತಾವು ಮೇಲೆ ಹೆಸರಿಸಿದ ಮಿಯಾಝಾಕಿಯವರದೇ. ಅದನ್ನು ತಯಾರಿಸುವ ಮೊದಲು, 1973ರಲ್ಲಿ, ಅವರೆಲ್ಲ ಸ್ವಿಟ್ಜರ್‌ಲೆಂಡಿಗೆ ಬಂದು ಬೆಟ್ಟ, ಮನೆ, ಹುಲ್ಲುಗಾವಲುಗಳನ್ನು ಕಣ್ಣಾರೆ ಕಂಡು ಬರೆದುಕೊಂಡು ಹೋದರು. ಟೆಲಿವಿಷನ್ನಿನ ಮಕ್ಕಳ ಧಾರಾವಾಹಿಗಾಗಿ ಇಷ್ಟು ದೂರ ಬಂದು ಸ್ಥಳ ನೋಡುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ.

ಇದರ ಫಲವನ್ನು ನಾನು ನಮ್ಮ ಮೆಟ್ಟಿಲ ಬಳಿಯೇ ಕಂಡೆ. ಕೆಳಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ತನ್ನ ಮಕ್ಕಳೊಡನೆ ಕುಳಿತು ಹೈಡಿಯನ್ನು ನೋಡಿದವರು. ಅದು ಜಪಾನಿನಲ್ಲಿ ತಯಾರಾದದ್ದು ಎಂದು ನಾನು ಹೇಳಿದಾಗ ನಕ್ಕುಬಿಟ್ಟರು. ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನು ತೋರಿಸಿದ ಮೇಲೆ, ಬರೆದವರು ಜಪಾನಿನವರಿರಬಹುದು, ಆದರೆ ಹೈಡಿ ನಮ್ಮವಳು ಎಂದರು. ನಮ್ಮಲ್ಲೂ ಹೀಗೆಯೇ ಆಗಿದೆ, ಮರೆಯಬೇಡಿ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನಾವೆಲ್ಲ ಕಾದು ಕುಳಿತು ನೋಡುತ್ತಿದ್ದ ಮೋಗ್ಲಿ 1989ರ ಜಪಾನಿನ ಧಾರಾವಾಹಿ ಎಂಬುದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ.

ಫ್ರಾನ್ಸಿನ ಕಥೆ ಬೇರೆ. 1978ರ ಜುಲೈ 3ರಂದು ಆಂತೆನ್ 2 ವಾಹಿನಿಯಲ್ಲಿ ‘ಗೋಲ್ಡೊರಾಕ್’ ಆರಂಭವಾಯಿತು. ಜಪಾನಿನ ‘ಗ್ರೆಂಡೈಝರ್’ ಅದು. ಅದರ ನಾಯಕ ಡ್ಯೂಕ್ ಫ್ಲೀಡ್ ಫ್ರೆಂಚಿನಲ್ಲಿ ಆಕ್ತಾರುಸ್ ಆದ. ಜೊತೆಗಾರ ಕೋಜಿ, ಆಲ್ಕೋರ್ ಎಂಬ ನಕ್ಷತ್ರದ ಹೆಸರು ಪಡೆದ. ಜಪಾನಿನ ಮಕ್ಕಳಿಗೆ ಕೋಜಿ ಅದಾಗಲೇ ‘ಮಝಿಂಗರ್’ ಧಾರಾವಾಹಿಯ ನಾಯಕನಾಗಿ ಪರಿಚಿತ. ಫ್ರಾನ್ಸಿನ ಮಕ್ಕಳು ಅದನ್ನು ನೋಡಿರಲಿಲ್ಲವಾದ್ದರಿಂದ ಅವನು ಎಲ್ಲಿಂದಲೋ ಉದುರಿದ ಸಿಡುಕಿನ ಹುಡುಗನಾಗಿಯೇ ಉಳಿದ. ಆದರೂ ಆ ಧಾರಾವಾಹಿ ಜಪಾನಿಗಿಂತ ಫ್ರಾನ್ಸಿನಲ್ಲೇ ಹೆಚ್ಚು ದೊಡ್ಡ ಹೆಸರು ಮಾಡಿತು.

ಲೆಕ್ಕಿಗ:

ಅಭಿರುಚಿಯ ಬಗ್ಗೆ ಎಲ್ಲರೂ ಚೆನ್ನಾಗಿ ಮಾತಾಡುತ್ತಿದ್ದೀರಿ. ಬೆಲೆಯ ಬಗ್ಗೆ ಯಾರೂ ಮಾತಾಡುತ್ತಿಲ್ಲ.

1963ರ ಜನವರಿ 1ರಂದು ಕಾಮಿಕ್ ಕಲಾವಿದ ಒಸಾಮು ತೆಝುಕಾ ಅವರ ‘ಅಣು ಬಾಲಕ’ನ (ಇಂಗ್ಲಿಷಿನ ‘ಆಸ್ಟ್ರೋ ಬಾಯ್’) ಧಾರಾವಾಹಿ ಜಪಾನಿನಲ್ಲಿ ಆರಂಭವಾದಾಗ, ಅವರು ಅದನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ದರಕ್ಕೆ ವಾಹಿನಿಗೆ ಒಪ್ಪಿಸಿದ್ದರು. ವಾರಕ್ಕೊಂದು ಅರ್ಧ ಗಂಟೆಯ ಕಂತು ಮುಗಿಸಲು ಅವರು ಕಂಡುಕೊಂಡ ಉಪಾಯಗಳೆಲ್ಲ ಚಿತ್ರಗಳನ್ನು ಉಳಿಸುವ ಉಪಾಯಗಳು: ಮುಖ ನಿಶ್ಚಲ, ತುಟಿ ಮಾತ್ರ ಅಲುಗುತ್ತದೆ, ಹಾರುವ ದೃಶ್ಯವನ್ನು ಒಮ್ಮೆ ಬರೆದಿಟ್ಟುಕೊಂಡರೆ ಹತ್ತು ಕಂತುಗಳಿಗೆ ಸಾಕು, ಬೆಚ್ಚಿಬಿದ್ದವನ ಕಣ್ಣನ್ನು ಮೂರು ಸೆಕೆಂಡು ಹಾಗೆಯೇ ನಿಲ್ಲಿಸಿಬಿಟ್ಟರೆ ಆ ಮೂರು ಸೆಕೆಂಡಿಗೆ ಒಂದೇ ಚಿತ್ರ. ಅದೇ ವರ್ಷ ಅಮೆರಿಕದ ಎನ್‌ಬಿಸಿ ವಾಹಿನಿಯ ಮಾರಾಟ ವಿಭಾಗ ಅದನ್ನು ಕೊಂಡು ಅಮೆರಿಕದ ಸ್ಥಳೀಯ ವಾಹಿನಿಗಳಿಗೆ ಹಂಚಿತು. 193 ಕಂತುಗಳ ಪೈಕಿ 104 ಇಂಗ್ಲಿಷಿಗೆ ಬಂದವು. ಆ ಕಡಿಮೆ ಬೆಲೆ ಮುಂದೆ ಜಪಾನಿನ ಇಡೀ ಉದ್ಯಮಕ್ಕೆ ಅಂಟಿದ ರೋಗವಾಯಿತು ಎನ್ನುವವರು ಅಲ್ಲೇ ಇದ್ದಾರೆ. ನಾನೂ ಆ ಪಕ್ಷದವನೇ.

ಹಳೇಕ್ಯಾಸೆಟ್ ಅವರು ಹೇಳಿದ ಮುಂದುವರಿಯುವ ಕಥೆಯ ಗಾಳವೂ ಮೊದಲಿನಿಂದ ಇದ್ದದ್ದಲ್ಲ. ತೆಝುಕಾ ಅವರ ಬಿಳಿ ಸಿಂಹದ ಕಥೆ 1966ರಲ್ಲಿ ‘ಕಿಂಬಾ’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂದಾಗ, ಮರಿಸಿಂಹ ಬೆಳೆದು ದೊಡ್ಡದಾಗುವುದೇ ಎನ್‌ಬಿಸಿಗೆ ಬೇಕಿರಲಿಲ್ಲ. ಕಂತುಗಳನ್ನು ಯಾವ ಊರಿನ ವಾಹಿನಿ ಯಾವ ಕ್ರಮದಲ್ಲಿ ಹಾಕಿದರೂ ನಡೆಯಬೇಕಿತ್ತು. ಸೋಮವಾರ ಕೇಸರ ಬಂದ ಸಿಂಹ ಮಂಗಳವಾರ ಮತ್ತೆ ಮರಿಯಾದರೆ ಹೇಗೆ?

ಇಪ್ಪತ್ತು ವರ್ಷಗಳ ಬಳಿಕ ಅದೇ ವ್ಯಾಪಾರದ ಲೆಕ್ಕ ತಿರುಗಿ ಬಿತ್ತು. ವಾರಕ್ಕೆ ಐದು ದಿನದಂತೆ ಹದಿಮೂರು ವಾರ, ಒಟ್ಟು 65 ಕಂತುಗಳಾದರೂ ಇಲ್ಲದಿದ್ದರೆ ಸ್ಥಳೀಯ ವಾಹಿನಿಗಳು ಕೊಳ್ಳುತ್ತಿರಲಿಲ್ಲ. ಜಪಾನಿನ ‘ಮ್ಯಾಕ್ರೋಸ್’ ಧಾರಾವಾಹಿ ಇದ್ದದ್ದು 36 ಕಂತು. ಆದ್ದರಿಂದ ಅಮೆರಿಕದ ನಿರ್ಮಾಪಕ ಕಾರ್ಲ್ ಮೇಸೆಕ್ ಅವರು ಅದೂ ಸೇರಿದಂತೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಧಾರಾವಾಹಿಗಳನ್ನು ಹೊಲಿದು, ಮೂರು ತಲೆಮಾರುಗಳ ಒಂದೇ ಕಥೆಯೆಂದು ಹೆಣೆದು, 1985ರಲ್ಲಿ 85 ಕಂತುಗಳ ‘ರೋಬೋಟೆಕ್’ ಮಾಡಿದರು. ನಿಮ್ಮ ಕೂಟದವರ ಕಣ್ಣಿಗೆ ಅದು ಮಹಾಕಾವ್ಯದಂತೆ ಕಂಡಿದ್ದರೆ ಅದರ ಹಿಂದಿದ್ದದ್ದು ಈ 65ರ ಲೆಕ್ಕ.

ಇಟಲಿಯಲ್ಲಿ ನಡೆದದ್ದೂ ಬೇರೆಯಲ್ಲ. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಸ್ಥಳೀಯ ಖಾಸಗಿ ವಾಹಿನಿಗಳಿಗೆ ಅವಕಾಶ ಕೊಟ್ಟ ಮೇಲೆ ಊರೂರಿಗೂ ವಾಹಿನಿ ಹುಟ್ಟಿತು. ಇಡೀ ಮಧ್ಯಾಹ್ನವನ್ನು ಏನಾದರೊಂದರಿಂದ ತುಂಬಲೇಬೇಕಿತ್ತು. ರಾಶಿರಾಶಿಯಾಗಿ, ಅಗ್ಗವಾಗಿ ಸಿದ್ಧವಿದ್ದ ಸರಕು ಜಪಾನಿನದು. ಹಸಿದವನಿಗೆ ಹಳಸಿದ್ದೂ ರುಚಿ ಎನ್ನುತ್ತಾರೆ. ಇಲ್ಲಿ ಹಳಸಿದ್ದೇನೂ ಇರಲಿಲ್ಲ ಎಂಬುದು ಇಟಲಿಯ ಮಕ್ಕಳ ಪುಣ್ಯ.

ಅಕ್ಷರಪ್ರಿಯ:

ಲೆಕ್ಕಿಗರೇ, ಬೆಲೆಯ ವಿಷಯವನ್ನು ಒಪ್ಪುತ್ತೇನೆ. ಆದರೆ ಬೆಲೆ ಬಾಗಿಲನ್ನು ತೆರೆಯಬಹುದು, ಒಳಗೆ ಬಂದವರನ್ನು ಕೂರಿಸಲಾರದು. ಅಗ್ಗದ ಸರಕು ಎಲ್ಲ ದೇಶಗಳಿಂದಲೂ ಬರುತ್ತಿತ್ತು. ಐವತ್ತು ದಾಟಿದ ಫ್ರೆಂಚರು ಇಂದಿಗೂ ಗೋಲ್ಡೊರಾಕಿನ ಹೆಸರು ಹೇಳಿದರೆ ಕಣ್ಣರಳಿಸುವುದೇಕೆ ಎಂಬುದಕ್ಕೆ ನಿಮ್ಮ ಪಟ್ಟಿಯಲ್ಲಿ ಉತ್ತರವಿಲ್ಲ.

ಇನ್ನು ಕತ್ತರಿಯ ವಿಷಯ. ತೆಗೆಯುವುದಷ್ಟೇ ತಪ್ಪೆಂದು ನಾನು ಹೇಳಿದಂತೆ ಆಯಿತು. ಸೇರಿಸುವುದೂ ಅಷ್ಟೇ ತಪ್ಪು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅನಿಮೆಯನ್ನು ಪ್ರಾಯದ ಹುಡುಗರ ಸರಕೆಂದು ಮಾರುತ್ತಿದ್ದಾಗ, ಕ್ಯಾಸೆಟ್ಟಿನ ಮೇಲೆ ಹೆಚ್ಚಿನ ವಯಸ್ಸಿನ ಪ್ರಮಾಣಪತ್ರ ಬೀಳಲೆಂದೇ ಡಬ್ಬಿಂಗಿನಲ್ಲಿ ಮೂಲದಲ್ಲಿಲ್ಲದ ಬೈಗುಳಗಳನ್ನು ತುರುಕುತ್ತಿದ್ದರು. ‘ಸೈಬರ್ ಸಿಟಿ ಓಎಡೊ 808’ ಇದಕ್ಕೆ ಹೆಸರಾದ ಮಾದರಿ. ಫ್ರಾನ್ಸಿನಲ್ಲಿ ‘ಹೊಕುತೊ ನೊ ಕೆನ್’ ಎಂಬ ಘೋರ ಹಿಂಸೆಯ ಧಾರಾವಾಹಿಯನ್ನು ಮಕ್ಕಳ ಸಮಯದಲ್ಲಿ ಹಾಕಿದಾಗ, ಆ ಹಿಂಸೆಗೆ ಹೇಸಿದ ಕಂಠದಾನ ಕಲಾವಿದರು ಮಾತುಗಳನ್ನೆಲ್ಲ ಶ್ಲೇಷೆಯ ಹಾಸ್ಯವಾಗಿ ತಿರುಗಿಸಿಬಿಟ್ಟರು. ಒಂದೇ ದಶಕದ ಆಸುಪಾಸಿನಲ್ಲಿ ಒಂದು ದೇಶ ಅನಿಮೆಯನ್ನು ಹೆಚ್ಚು ಒರಟು ಮಾಡಿತು, ಇನ್ನೊಂದು ಅದನ್ನು ಕೋಡಂಗಿ ಮಾಡಿತು. ಮೂಲ ಏನಿತ್ತು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ನನ್ನ ಕಸುಬಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ‘ಪೊಕೆಮಾನ್’ ಧಾರಾವಾಹಿಯಲ್ಲಿ ಬ್ರಾಕ್ ಎಂಬ ಹುಡುಗ ಒನಿಗಿರಿಯನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾನೆ. ಬಿಳಿ ಅನ್ನವನ್ನು ಮೂರು ಮೂಲೆಯಾಗಿ ಅದುಮಿ, ಕೆಳಗೊಂದು ಕಪ್ಪು ಪಾಚಿಯ ಪಟ್ಟಿ ಸುತ್ತಿರುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಅವನು ಅದನ್ನು ಜೆಲ್ಲಿ ತುಂಬಿದ ಡೋನಟ್ ಎನ್ನುತ್ತಾನೆ. ಕನ್ನಡದಲ್ಲಿ ನಾನಾದರೆ ಬುತ್ತಿಯ ಅನ್ನದುಂಡೆ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಅಮೆರಿಕದ ಮಗುವಿಗೆ ಅನ್ನ ಗೊತ್ತಿಲ್ಲವೇ?

ಹೊಸಚಿಗುರು:

ಹಿರಿಯರ ನಡುವೆ ಮಾತಾಡುತ್ತಿರುವುದಕ್ಕೆ ಕ್ಷಮೆಯಿರಲಿ. ನಾನಿನ್ನೂ ಕಾಲೇಜಿನಲ್ಲಿರುವವಳು. ಅಕ್ಷರಪ್ರಿಯ ಸರ್, ತಮ್ಮ ಡೋನಟ್ಟಿನ ಮಾತು ಸರಿಯೇ, ಆದರೆ 1999ರ ಲೆಕ್ಕವನ್ನು ತಾವು ಒಮ್ಮೆ ನೋಡಬೇಕು.

‘ವಾರಿಯರ್ಸ್ ಆಫ್ ದ ವಿಂಡ್’ನ ಕಹಿ ಅನುಭವದಿಂದಾಗಿ ಮಿಯಾಝಾಕಿಯವರ ಸ್ಟುಡಿಯೊ ಮುಂದೆ ಒಂದು ಅಡಿಯನ್ನೂ ಕತ್ತರಿಸಲು ಬಿಡಲಿಲ್ಲ. ‘ಪ್ರಿನ್ಸೆಸ್ ಮೊನೊನೊಕೆ’ ಅಮೆರಿಕಕ್ಕೆ ಹೋಗುವಾಗ ನಿರ್ಮಾಪಕ ತೊಶಿಯೊ ಸುಝುಕಿ ಅವರು ಅಲ್ಲಿನ ವಿತರಕರಿಗೆ ಕತ್ತರಿ ಹಾಕಕೂಡದು ಎಂಬ ಸೂಚನೆಯೊಂದಿಗೆ ಒಂದು ಖಡ್ಗವನ್ನೇ ಕೊಟ್ಟರೆಂಬುದು ಎಲ್ಲರೂ ಹೇಳುವ ಕಥೆ. ಆ ಚಿತ್ರ 1999ರ ಅಕ್ಟೋಬರಿನ ಕೊನೆಯಲ್ಲಿ ಪೂರ್ತಿ ಉದ್ದದಲ್ಲಿ, ಒಳ್ಳೆಯ ಇಂಗ್ಲಿಷ್ ಸಂಭಾಷಣೆಯೊಂದಿಗೆ ತೆರೆಕಂಡು, ಅಮೆರಿಕದಲ್ಲಿ ಗಳಿಸಿದ್ದು ಸುಮಾರು 24 ಲಕ್ಷ ಡಾಲರ್. ಎರಡು ವಾರ ಕಳೆಯುವಷ್ಟರಲ್ಲಿ ಬಂದ ಪೊಕೆಮಾನ್ ಚಿತ್ರ, ಸಂಗೀತವನ್ನೂ ಸಂಭಾಷಣೆಯನ್ನೂ ತಿರುಚಿಸಿಕೊಂಡು ಬಂದು, ಅದೇ ದೇಶದಲ್ಲಿ ಎಂಟು ಕೋಟಿ ಡಾಲರ್ ದಾಟಿತು. ಮೂಲನಿಷ್ಠೆಯೇ ಅನಿಮೆಯನ್ನು ಹಬ್ಬಿಸಿತು ಎನ್ನುವ ವಾದವನ್ನು ಈ ಎರಡು ಅಂಕಿಗಳ ಮುಂದೆ ಹೇಗೆ ನಿಲ್ಲಿಸುತ್ತೀರಿ?

ಹಳೇಕ್ಯಾಸೆಟ್:

ಮಗಳೇ, ಕ್ಷಮೆ ಕೇಳುವ ಮಾತೇ ಇಲ್ಲ, ನಮಗೆಲ್ಲ ಹೊಳೆಯದ ಹೋಲಿಕೆಯನ್ನು ನೀನು ಮುಂದಿಟ್ಟಿದ್ದೀಯ. ಆದರೆ ಒಂದು ಮಾತು. ಆ ಎಂಟು ಕೋಟಿ ಕೊಟ್ಟ ಮಕ್ಕಳು ಬೆಳೆದು ಹದಿನೈದು ಹದಿನಾರಕ್ಕೆ ಬಂದಾಗ ಎಲ್ಲಿಗೆ ಹೋದರು ಎಂದು ನೋಡಬೇಕು. 2003ರಲ್ಲಿ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ಗೆ ಆಸ್ಕರ್ ಬಂದಾಗ ಅವರ ಕಣ್ಣಿಗೆ ಜಪಾನಿನ ಚಿತ್ರ ಆಗಲೇ ಹೊಸದಾಗಿರಲಿಲ್ಲ.

ಅಭಿಮಾನಿಗಳು ಮಾಡಿದ ಕೆಲಸವನ್ನು ನಾನು ಹತ್ತಿರದಿಂದ ಕಂಡವನಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಲಾಸ್ ಏಂಜಲೀಸಿನಲ್ಲಿ 1977ರಲ್ಲಿ ಆರಂಭವಾದ ಕಾರ್ಟೂನ್/ಫ್ಯಾಂಟಸಿ ಆರ್ಗನೈಝೇಶನ್ ಎಂಬ ಕೂಟದ ಕಾಲದಲ್ಲಿ ಸಬ್‌ಟೈಟಲ್ ಎಂಬುದೇ ಇರಲಿಲ್ಲ. ಜಪಾನೀ ಭಾಷೆಯ ಕ್ಯಾಸೆಟ್ಟನ್ನು ಹಾಕಿ, ಕಥಾಸಾರವನ್ನು ಕಾಗದದಲ್ಲಿ ಹಂಚಿ, ನೋಡುತ್ತಾ ಓದುತ್ತಾ ಅರ್ಥಮಾಡಿಕೊಳ್ಳುತ್ತಿದ್ದರು. 1980ರ ದಶಕದ ಕೊನೆಗೆ ಅಮಿಗಾ ಗಣಕಯಂತ್ರವೂ ಜೆನ್‌ಲಾಕ್ ಎಂಬ ಸಾಧನವೂ ಕೈಗೆಟುಕಿದ ಮೇಲೆ ಚಲಿಸುವ ಚಿತ್ರದ ಮೇಲೆಯೇ ಅಕ್ಷರ ಕೂರಿಸುವುದು ಮನೆಯಲ್ಲೇ ಸಾಧ್ಯವಾಯಿತು. ಜಪಾನಿಗೂ ಅಮೆರಿಕಕ್ಕೂ ಟೆಲಿವಿಷನ್ನಿನ ಪದ್ಧತಿ ಒಂದೇ, ಎನ್‌ಟಿಎಸ್‌ಸಿ. ಜಪಾನಿನ ಕ್ಯಾಸೆಟ್ ಅಮೆರಿಕದಲ್ಲಿ ನೇರವಾಗಿ ಓಡುತ್ತಿತ್ತು. ಯುರೋಪಿನಲ್ಲಿ ಬೇರೆ ಪದ್ಧತಿ ಇದ್ದದ್ದರಿಂದ ಅಲ್ಲಿನವರಿಗೆ ಆ ಸೌಲಭ್ಯ ಇರಲಿಲ್ಲ.

ನಾನು ಖಾಲಿ ಕ್ಯಾಸೆಟ್ಟುಗಳನ್ನೂ ಮರುಅಂಚೆಯ ಚೀಟಿ ಹಚ್ಚಿದ ಲಕೋಟೆಯನ್ನೂ ಅಪರಿಚಿತರ ವಿಳಾಸಕ್ಕೆ ಕಳಿಸುತ್ತಿದ್ದೆ. ಮೂರು ವಾರದ ಮೇಲೆ ಅವು ತುಂಬಿ ಹಿಂದಿರುಗುತ್ತಿದ್ದವು. ಪ್ರತಿಯ ಪ್ರತಿಯ ಪ್ರತಿಯಾಗಿದ್ದರೆ ಕೆಂಪು ಬಣ್ಣ ಗೆರೆ ದಾಟಿ ಹರಡಿರುತ್ತಿತ್ತು, ಹಳದಿ ಅಕ್ಷರಗಳ ಅಂಚು ನಡುಗುತ್ತಿತ್ತು, ತೆರೆಯ ಕೆಳಭಾಗದಲ್ಲಿ ಒಂದು ಸುಕ್ಕು ಅಲೆಯುತ್ತಿತ್ತು. ಇದು ಮಾರಾಟಕ್ಕೂ ಬಾಡಿಗೆಗೂ ಅಲ್ಲ ಎಂಬ ಸಾಲು ಮಾತ್ರ ಮೊದಲಲ್ಲಿ ತಪ್ಪದೆ ಬರುತ್ತಿತ್ತು. ಆ ಧಾರಾವಾಹಿಯನ್ನು ಅಮೆರಿಕದ ಕಂಪನಿಯೊಂದು ಹಕ್ಕು ಪಡೆದು ತಂದರೆ ನಾವು ಪ್ರತಿ ಮಾಡುವುದನ್ನು ನಿಲ್ಲಿಸಬೇಕು ಎಂಬುದು ಅಲಿಖಿತ ನಿಯಮ. ಎಲ್ಲರೂ ಪಾಲಿಸಿದರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಲೆಕ್ಕಿಗ:

ಪ್ರಮಾಣ ಮಾಡದಿದ್ದದ್ದು ಒಳ್ಳೆಯದಾಯಿತು. ಹಳೇಕ್ಯಾಸೆಟ್ ಅವರ ವಿವರಣೆ ಓದಲು ಸೊಗಸಾಗಿದೆ, ಆದರೆ ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಇರುವ ಹೆಸರು ಕಳ್ಳಪ್ರತಿ. ಆ ಅಲಿಖಿತ ನಿಯಮ ಅಂತರ್ಜಾಲ ಬಂದೊಡನೆ ಗಾಳಿಗೆ ಹೋಯಿತು. 2006ರಲ್ಲಿ ಕ್ಯಾಲಿಫೋರ್ನಿಯಾದ ಪದವೀಧರರು ಆರಂಭಿಸಿದ ಕ್ರಂಚಿರೋಲ್ ತಾಣದಲ್ಲಿ ತುಂಬಿದ್ದದ್ದು ಅನುಮತಿಯಿಲ್ಲದೆ ಏರಿಸಿದ ಅಭಿಮಾನಿ ಪ್ರತಿಗಳೇ. 2008ರಲ್ಲಿ ಅದಕ್ಕೆ ಹೂಡಿಕೆದಾರರ ಹಣವೂ ಬಂತು, ಮತ್ತು ಹಕ್ಕು ಕೊಂಡು ದುಡಿಯುತ್ತಿದ್ದ ಕಂಪನಿಗಳಿಗೆ ಸಹಜವಾಗಿಯೇ ಹೊಟ್ಟೆ ಉರಿಯಿತು. 2009ರ ಜನವರಿಯಿಂದ ಜಪಾನಿನ ವಾಹಿನಿಯೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿ ಪ್ರಸಾರವಾದೊಡನೆ ಇಲ್ಲಿ ಸಬ್‌ಟೈಟಲ್ ಸಹಿತ ತೋರಿಸಲು ಆರಂಭಿಸಿದರು. 2021ರಲ್ಲಿ ಸೋನಿ ಸಮೂಹ ಅದನ್ನು 117.5 ಕೋಟಿ ಡಾಲರಿಗೆ ಕೊಂಡಿತು. ಕದ್ದ ಮಾಲಿನ ಅಂಗಡಿಯೇ ಕೊನೆಗೆ ಊರಿನ ದೊಡ್ಡ ಮಳಿಗೆಯಾಯಿತು.

ಹೊಸಚಿಗುರು ಅವರು ಅಂಕಿ ಮುಂದಿಟ್ಟದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಜಪಾನಿನ ಅನಿಮೆ ಉದ್ಯಮದ ಸಂಘವೇ ಕೊಡುವ ಲೆಕ್ಕದ ಪ್ರಕಾರ 2023ರಲ್ಲಿ ವಿದೇಶೀ ಮಾರುಕಟ್ಟೆ ದೇಶದೊಳಗಿನ ಮಾರುಕಟ್ಟೆಯನ್ನು ಮೀರಿತು. ಹಾಗಿದ್ದರೂ ಚಲನೆಯ ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ಬರೆಯುವ ಹೊಸಬರಿಗೆ ಟೋಕಿಯೊದಲ್ಲಿ ಬಾಡಿಗೆ ಕಟ್ಟುವುದೇ ಕಷ್ಟ. 1963ರಲ್ಲಿ ಅಗ್ಗವಾಗಿ ಒಪ್ಪಿದ್ದಕ್ಕೆ ಬಡ್ಡಿ ಕಟ್ಟುತ್ತಿರುವವರು ಅವರು.

ರೈನ್‌ದಂಡೆ:

ಕಳ್ಳಪ್ರತಿಯನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಯಾವುದೂ ಎಲ್ಲ ಕಡೆಯೂ ಸಲೀಸಾಗಿ ಹಬ್ಬಲಿಲ್ಲ ಎಂಬುದನ್ನು ಈ ಚರ್ಚೆ ಮರೆಯುತ್ತಿದೆ. ಫ್ರಾನ್ಸಿನಲ್ಲಿ 1981ರಷ್ಟು ಹಿಂದೆಯೇ, ಐದರ ಹರೆಯದಲ್ಲಿ ಗೋಲ್ಡೊರಾಕಿನೊಡನೆ ಒಂಟಿಯಾಗಿ ಕುಳಿತ ಮಗುವಿನ ಬಗ್ಗೆ ಆತಂಕಪಟ್ಟು ಮನೋವಿಜ್ಞಾನಿ ಲಿಲಿಯಾನ್ ಲುರ್ಸಾ ಪುಸ್ತಕ ಬರೆದರು. 1989ರಲ್ಲಿ ರಾಜಕಾರಣಿ ಸೆಗೊಲೆನ್ ರೊಯಾಲ್ ಇನ್ನೊಂದು ಬರೆದರು. ಟಿಎಫ್ 1 ವಾಹಿನಿಯ ‘ಕ್ಲಬ್ ದೊರೊತೆ’ 1987ರಿಂದ 1997ರವರೆಗೆ ಹತ್ತು ವರ್ಷ ಜಪಾನಿನ ಧಾರಾವಾಹಿಗಳನ್ನು ಧಾರಾಳವಾಗಿ ಬಡಿಸಿತು. ಹತ್ತೂ ವರ್ಷ ಬೈಗುಳವನ್ನೂ ತಿಂದಿತು. ಜರ್ಮನಿಯ ಅಜ್ಜಿಗೆ ಹೈಡಿ ನಮ್ಮವಳಾದದ್ದು ಅವಳಲ್ಲಿ ಜಪಾನು ಕಾಣದಿದ್ದುದರಿಂದ. ಫ್ರಾನ್ಸಿನ ತಾಯಂದಿರಿಗೆ ಗೋಲ್ಡೊರಾಕ್ ಪರಕೀಯನಾದದ್ದು ಅದರಲ್ಲಿ ಜಪಾನು ಕಂಡದ್ದರಿಂದ. ಅವರ ಮಕ್ಕಳಿಗೆ ಅದು ಇಷ್ಟವಾದದ್ದೂ ಅದೇ ಕಾರಣಕ್ಕೆ ಇರಬಹುದು.

ಹೊಸಚಿಗುರು:

ರೈನ್‌ದಂಡೆ ಅಕ್ಕ, ತಮ್ಮ ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ‘ಡೀಮನ್ ಸ್ಲೇಯರ್’ ಸರಣಿಯ ರೈಲಿನ ಚಿತ್ರ 2021ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ ಎರಡು ಕೋಟಿ ಡಾಲರ್ ದಾಟಿದಾಗ ಯಾರೂ ಅದರ ಜಪಾನನ್ನು ಮುಚ್ಚಿಡಲಿಲ್ಲ. ಕಿಮೋನೊ, ಕತ್ತಿ, ತೈಶೊ ಚಕ್ರವರ್ತಿಯ ಕಾಲದ ರೈಲು, ಎಲ್ಲವೂ ಹಾಗೆಯೇ ಇದ್ದವು. ಅದೇ ಸರಣಿಯ 2025ರ ಚಿತ್ರ ಬೆಂಗಳೂರಿನ ಚಿತ್ರಮಂದಿರಗಳಿಗೂ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು, ಕನ್ನಡದಲ್ಲಿರಲಿಲ್ಲ. ನಾನು ಜಪಾನೀ ಭಾಷೆಯಲ್ಲೇ ನೋಡಿದೆ. ಅಕ್ಷರಪ್ರಿಯ ಸರ್, ಒಂದು ದಿನ ಅದು ಕನ್ನಡಕ್ಕೆ ಬಂದರೆ ತಾವು ಕತ್ತರಿ ಹಿಡಿಯುವುದಿಲ್ಲ ಎಂದು ನಂಬುತ್ತೇನೆ.

ಹಳೇಕ್ಯಾಸೆಟ್:

ಅಕ್ಷರಪ್ರಿಯರಿಗೆ ಒಂದು ಮನೆಗೆಲಸ ಕೊಡುತ್ತೇನೆ. ಕತ್ತರಿಸಿದವರು ಎಲ್ಲವನ್ನೂ ಹಾಳು ಮಾಡಿದರೆಂದು ತಾವು ನಂಬಿದ್ದೀರಿ. ‘ಮ್ಯಾಕ್ರೋಸ್’ನ 18ನೆಯ ಕಂತನ್ನೂ ‘ರೋಬೋಟೆಕ್’ನ 18ನೆಯ ಕಂತನ್ನೂ ಒಂದರ ಮೇಲೊಂದು ನೋಡಿ. ನಾಯಕನಿಗೆ ಅಣ್ಣನಂತಿದ್ದ ವಿಮಾನ ಚಾಲಕ ರಾಯ್ ಫೋಕರ್ ಅದರಲ್ಲಿ ಸಾಯುತ್ತಾನೆ. 1985ರ ಅಮೆರಿಕದಲ್ಲಿ, ಶಾಲೆ ಬಿಟ್ಟ ಮಕ್ಕಳ ಹೊತ್ತಿನಲ್ಲಿ, ಅವನು ಸತ್ತದ್ದು ಸತ್ತದ್ದೇ. 7-ಝಾರ್ಕ್-7 ಬಂದು ಸಮಾಧಾನ ಹೇಳಲಿಲ್ಲ.

ಅಕ್ಷರಪ್ರಿಯ:

ನಿನ್ನೆ ರಾತ್ರಿ ಕುಳಿತು ಎರಡನ್ನೂ ನೋಡಿದೆ. ಹಳೇಕ್ಯಾಸೆಟ್ ಅವರ ಮಾತು ನಿಜ, ಸಾವನ್ನು ಅವರು ಅಳಿಸಿಲ್ಲ. ‘ರೋಬೋಟೆಕ್’ ಮಾಡಿದವರನ್ನು ‘ವಾರಿಯರ್ಸ್ ಆಫ್ ದ ವಿಂಡ್’ ಮಾಡಿದವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವೆಂದು ಒಪ್ಪುತ್ತೇನೆ. ಗಾಯಗೊಂಡ ರಾಯ್ ಯಾರಿಗೂ ಏನನ್ನೂ ಹೇಳದೆ ತನ್ನ ಪ್ರೇಯಸಿ ಕ್ಲೋಡಿಯಾಳ ಮನೆಗೆ ಬರುತ್ತಾನೆ, ಅವಳು ಅವನಿಗಾಗಿ ಅನಾನಸ್ ಸಲಾಡ್ ಮಾಡುತ್ತಿರುತ್ತಾಳೆ, ಅವನು ಗಿಟಾರು ಹಿಡಿದು ಕೂರುತ್ತಾನೆ. ಅಷ್ಟೆ.

ಆದರೆ ಕಸುಬಿನವನಾಗಿ ಒಂದನ್ನು ಹೇಳದೆ ಬಿಡಲಾರೆ. ಜಪಾನಿನಲ್ಲಿ ಆ ಕಂತಿನ ಹೆಸರು ‘ಅನಾನಸ್ ಸಲಾಡ್’. ಅಮೆರಿಕದಲ್ಲಿ ಅದಕ್ಕಿಟ್ಟ ಹೆಸರು ‘ಹೋಗಿ ಬಾ, ಅಣ್ಣ’. ಸಾವನ್ನು ಕತ್ತರಿಸದೆಯೇ, ಹೆಣ ಬೀಳುವ ಮೊದಲೇ ತಮಟೆ ಬಾರಿಸಿಬಿಟ್ಟರು.